ತೂಬು ಬಿಟ್ಟವಳು

ನನಗೆ ಕೆಲಸ ಹೇಳುವವರಿಗೆ ಒಂದು ಮಾತು ಮೊದಲೇ ತಿಳಿಸಿಬಿಡುತ್ತೇನೆ. ಬರೆದುಕೊಡು ಅಂದರೆ ಬರೆದುಕೊಡುತ್ತೇನೆ, ಹೀಗೇ ಬರೆ ಅಂದರೆ ನನಗೆ ಕಿವಿ ಕೇಳಿಸುವುದಿಲ್ಲ. ನಂಜನಗೂಡಿನ ಹೈಸ್ಕೂಲಿನಲ್ಲಿ ಚರಿತ್ರೆ ಪಾಠ ಹೇಳಿ ನಿವೃತ್ತಳಾದ ಮೇಲೆ ಈ ಕಿವುಡು ಇನ್ನಷ್ಟು ಹೆಚ್ಚಿದೆ. ಇದು ನನ್ನ ದೊಡ್ಡಪ್ಪನ ಮಗನಿಗೆ, ಅಂದರೆ ನನ್ನ ಅಣ್ಣನಿಗೆ, ಚೆನ್ನಾಗಿ ಗೊತ್ತು. ಗೊತ್ತಿದ್ದೂ ಹೋದ ವರ್ಷ ಫೋನು ಮಾಡಿದ.

ನನ್ನ ತವರು ಟಿ. ನರಸೀಪುರ ತಾಲ್ಲೂಕಿನಲ್ಲಿ, ಬನ್ನೂರಿಗೆ ಹತ್ತಿರ. ಭತ್ತದ ಗದ್ದೆಯಿರುವ ಒಕ್ಕಲು ಮನೆ ನಮ್ಮದು. ಅಲ್ಲಿನ ಕೆರೆಯ ಹಳೇ ತೂಬನ್ನು ರಿಪೇರಿ ಮಾಡಿ, ಮರದ ಬೆಣೆಯ ಜಾಗಕ್ಕೆ ಚಕ್ರ ತಿರುಗಿಸುವ ಕಬ್ಬಿಣದ ಗೇಟು ಕೂರಿಸಿದ್ದರು. ಪಕ್ಕದಲ್ಲೇ ಒಂದು ಕಲ್ಲು ನೆಟ್ಟು, ಊರಿನ ಹಿಂದಿನ ನೀರುಗಂಟಿಗಳ ಹೆಸರು ಕೆತ್ತಿಸಬೇಕೆಂದು ಕೆರೆ ಸಮಿತಿ ತೀರ್ಮಾನಿಸಿತ್ತು. ಸಮಿತಿಯ ಅಧ್ಯಕ್ಷ ನಮ್ಮಣ್ಣನೇ. ಹೆಸರುಗಳನ್ನು ವಿಚಾರಿಸಿ ಬರೆದುಕೊಡುವ ಕೆಲಸ ನನ್ನ ಪಾಲಿಗೆ ಬಂತು.

ತೂಬು ತೆಗೆದು, ಕೆರೆಯ ನೀರನ್ನು ಗದ್ದೆಗದ್ದೆಗೂ ಸರದಿಯಂತೆ ಹಂಚುವವನು ನೀರುಗಂಟಿ. ನಮ್ಮೂರಲ್ಲಿ ಅದು ದಲಿತ ಕೇರಿಯ ಒಂದೇ ಮನೆಯವರ ಕೆಲಸ, ಅಪ್ಪನಿಂದ ಮಗನಿಗೆ ಬರುವಂಥದ್ದು. ನಮ್ಮ ಗದ್ದೆಗೆಲ್ಲ ನೀರು ಹಂಚುತ್ತಿದ್ದ ಆ ಮನೆಯವರು ನಮ್ಮ ಬಾವಿಯಿಂದ ಒಂದು ಕೊಡ ನೀರು ಸೇದಿಕೊಳ್ಳುವ ಹಾಗಿರಲಿಲ್ಲ. ಇದನ್ನೂ ಕಲ್ಲಿನ ಮೇಲೆ ಹಾಕಿಸೋಣವೇ ಎಂದು ಅಣ್ಣನನ್ನು ಕೇಳಿದೆ. ಅವನು ಫೋನ್ ಇಟ್ಟುಬಿಟ್ಟ.

ಊರಿಗೆ ಹೋಗಿ ವಯಸ್ಸಾದವರನ್ನೆಲ್ಲ ಮಾತಾಡಿಸಿದೆ. ನೀರುಗಂಟಿಗಳು ಯಾರ್‍ಯಾರಿದ್ದರು ಎಂದು ಕೇಳಿದರೆ ಎಲ್ಲರದೂ ಒಂದೇ ಉತ್ತರ: ಮೊದಲು ತಾತ, ಆಮೇಲೆ ಅಪ್ಪ, ಅಪ್ಪ ಹಾವು ಕಚ್ಚಿ ತೀರಿಕೊಂಡ ಮೇಲೆ ಮಗ. ಅಪ್ಪ ಸತ್ತ ವರ್ಷವೇ ಮಗ ತೂಬು ಬಿಟ್ಟಿದ್ದನ್ನು ಕಣ್ಣಾರೆ ಕಂಡಿದ್ದೇವೆ ಎಂದರು. ಅಣ್ಣನೂ ಕಂಡಿದ್ದನಂತೆ. ಇಷ್ಟು ಜನ ಒಂದೇ ಮಾತು ಹೇಳುವುದು ನಮ್ಮೂರಲ್ಲಿ ಅಪರೂಪ. ಮೂರು ಗಂಡಸರ ಹೆಸರು ಬರೆದುಕೊಟ್ಟು ನಂಜನಗೂಡಿನ ಬಸ್ಸು ಹತ್ತಿದೆ.

ಆ ಮಗ ಈಗಿಲ್ಲ. ಅವನ ಅಕ್ಕ ಇದ್ದಾಳೆ ಎಂದು ಕೇರಿಯವರು ಹೇಳಿದ್ದರು. ಹದಿನಾರು ಎಂಬ ಊರಿನ ಕಡೆಗೆ ಮದುವೆಯಾಗಿ ಹೋದವಳು, ಗಂಡ ತೀರಿಕೊಂಡ ಮೇಲೆ ತಾಂಡ್ಯದ ಫ್ಯಾಕ್ಟರಿಯಲ್ಲಿ ಕೆಲಸ ಮಾಡುವ ಮಗನ ಜೊತೆ ನಂಜನಗೂಡಲ್ಲೇ ಇದ್ದಳು. ನಮ್ಮ ಮನೆಯಿಂದ ಆಟೋದಲ್ಲಿ ಹೋಗುವಷ್ಟು ದೂರ. ಹಳೇ ಫೋಟೋ ಏನಾದರೂ ಸಿಕ್ಕೀತೆಂದು ಹೋದೆ. ನನಗಿಂತ ಹಿರಿಯಳು, ಗಟ್ಟಿ ಹೆಂಗಸು. ಅಕ್ಕಾ ಎಂದು ಕರೆದಾಗ ಒಂದು ಕ್ಷಣ ನನ್ನ ಮುಖ ನೋಡಿ, ಕುರ್ಚಿ ಹಾಕಿಸಿದಳು. ಕಲ್ಲಿನ ವಿಷಯ ಕೇಳಿ ಖುಷಿಪಟ್ಟಳು. ಹೆಸರುಗಳನ್ನು ಓದಿ ಹೇಳಿದೆ. ಅವಳಿಗೆ ನಗು ಬಂತು.

“ನಮ್ಮಪ್ಪ ಸತ್ತಾಗ ನನ್ ತಮ್ಮ ಮೊಲೆ ಕುಡಿಯಾ ಮೊಗ ಕಣವ್ವ. ತೊಟ್ಲಲ್ಲಿ ಮನಗಿದ್ದೋನು ತೂಬು ಬುಟ್ಟಾನಾ?”

ಹಾಗಾದರೆ ಊರಿನವರು ಕಣ್ಣಾರೆ ಕಂಡದ್ದೇನು ಎಂದು ಕೇಳಿದೆ. ಅವರು ಸುಳ್ಳು ಹೇಳಿಲ್ಲ ಎಂದಳು.

“ತೂಬಿನ ಪೂಜೆ ದಿನ ಗಂಡ ಸತ್ತೋಳು ಬೆಣೆ ಮುಟ್ಟಬಾರ್ದು ಅಂದ್ರು. ತಮ್ಮನ್ನ ನಾನೇ ಸೊಂಟದ್ ಮ್ಯಾಲೆ ಎತ್ಕೊಂಡೋಗ್ತಿದ್ದೆ. ಅವನ್ ಕೈಲಿ ಬೆಣೆ ಮುಟ್ಟಿಸಿ ಕಾಯಿ ಒಡೆಯೋರು. ಆಯ್ತು, ನೀರ್ಗಂಟಿ ತೂಬು ಬುಟ್ಟ ಅಂತ ಎಲ್ರೂ ಮನೆಗೋಗೋರು. ಆಮ್ಯಾಕೆ ನಮ್ಮವ್ವ ಸೀರೆ ಎತ್ತಿ ಕಟ್ಕಂಡು ನೀರಿಗಿಳಿಯೋಳು.”

ಕಾಯಿ ಒಡೆಯುವವರೆಗೆ ಮಾತ್ರ ಮೈಲಿಗೆ, ಅಮಂಗಲ ಎಲ್ಲ. ಅದಾದ ಮೇಲೆ ಬೆಣೆ ಎಳೆಯುವುದು, ಕಾಲುವೆಯ ಹೂಳು ತೆಗೆಯುವುದು, ಗುದ್ದಲಿ ಹೊತ್ತು ಬಯಲೆಲ್ಲ ತಿರುಗುವುದು, ನೀರು ಕದ್ದವರ ಜೊತೆ ಜಗಳವಾಡುವುದು ಆ ಹೆಂಗಸಿನ ಪಾಲು. ಮಗನಿಗೆ ಮೀಸೆ ಬರುವ ತನಕ ಅವಳೇ ಊರಿನ ನೀರುಗಂಟಿ. ಪೂಜೆ ನೋಡಲು ಬಂದ ಗಂಡಸರ ಕಣ್ಣಿಗೆ ಬಿದ್ದದ್ದು ಮಾತ್ರ ಬೆಣೆಯ ಮೇಲಿದ್ದ ಆ ಪುಟ್ಟ ಕೈ. ನನಗೆ ಕೆಟ್ಟ ಸಿಟ್ಟು ಬಂತು. ಇಷ್ಟು ವರ್ಷ ಚರಿತ್ರೆ ಹೇಳಿಕೊಟ್ಟವಳು ನಾನು, ಪೂಜೆಯಾದ ಮೇಲೆ ಏನಾಯಿತು ಎಂದು ಒಬ್ಬರನ್ನೂ ಕೇಳಿರಲಿಲ್ಲವಲ್ಲ.

ಹೊರಡುವಾಗ ಅವಳು ಬಾಗಿಲಲ್ಲಿ ನಿಂತು ಹೇಳಿದಳು: “ಕಲ್ಲು ನೆಡೋದಾದ್ರೆ ನಮ್ಮವ್ವನ ಎಸ್ರು ಇರ್ಲಿ. ಇಲ್ದಿದ್ರೆ ನಮ್ಮಪ್ಪಂದೂ ಬ್ಯಾಡ, ತಮ್ಮಂದೂ ಬ್ಯಾಡ.” ದನಿಯಲ್ಲಿ ಬೇಡಿಕೊಳ್ಳುವ ಧಾಟಿ ಇರಲಿಲ್ಲ. ಅದು ಅವಳ ಕರಾರು.

ಕೆತ್ತನೆ ನಿಲ್ಲಿಸು ಎಂದು ಅಣ್ಣನಿಗೆ ಫೋನು ಮಾಡಿದೆ. ಅವನು ಗೊಣಗಿದ. ಹಿರಿಯರೆಲ್ಲ ಹೇಳಿದ್ದು ಸುಳ್ಳಾ, ಅವಳೊಬ್ಬಳು ಹೇಳಿದ್ದು ನಿಜವಾ ಎಂದ. ಎರಡೂ ನಿಜ, ನಾನು ಕೇಳಿದ ಪ್ರಶ್ನೆಯೇ ಸರಿಯಿರಲಿಲ್ಲ ಎಂದೆ. ಮಾರನೇ ದಿನವೇ ಊರಿಗೆ ಹೋಗಿ ಅವನನ್ನೇ ಜೊತೆಗೆ ಎಳೆದುಕೊಂಡು ಅದೇ ಜಗಲಿಗಳನ್ನು ಹತ್ತಿದೆ. ಈ ಸಲ ನೀರುಗಂಟಿ ಯಾರು ಎಂದು ಕೇಳಲಿಲ್ಲ. ಆ ಕಾಲದಲ್ಲಿ ನಿಮ್ಮ ಗದ್ದೆ ಒಣಗಿದರೆ ಯಾರನ್ನು ಹುಡುಕಿಕೊಂಡು ಹೋಗುತ್ತಿದ್ದಿರಿ ಎಂದು ಕೇಳಿದೆ. ಅವರೆಲ್ಲ ತಡವರಿಸದೆ ಆ ತಾಯಿಯ ಹೆಸರು ಹೇಳಿದರು. ಬೈಗುಳದ ಸಮೇತ ಹೇಳಿದವರೂ ಇದ್ದರು, ಅದು ಇನ್ನೂ ಗಟ್ಟಿ ಸಾಕ್ಷಿ.

ಕಾಲುವೆಯ ಕೊನೆಯಲ್ಲಿ ಗದ್ದೆಯಿದ್ದ ಮುದುಕರೊಬ್ಬರು ಮಾತ್ರ ಅಣ್ಣನ ಮುಖ ನೋಡಿ ಸ್ವಲ್ಪ ಹಿಂಜರಿದರು. ನಾನು ಬಿಡಲಿಲ್ಲ. ಕೆರೆಯಲ್ಲಿ ನೀರು ಕಡಿಮೆಯಿದ್ದ ಒಂದು ವರ್ಷ, ಸರದಿ ಕೊನೆಗದ್ದೆಗಳದ್ದು. ಮೇಲಿನ ಗದ್ದೆಯವರು ಕಾಲುವೆಯ ಬದು ಕಡಿದು ನೀರು ತಿರುಗಿಸಿಕೊಳ್ಳಲು ಗುದ್ದಲಿ ಸಮೇತ ಬಂದರು. ಅವರ ಮುಂದಾಳು ನಮ್ಮ ದೊಡ್ಡಪ್ಪ.

“ಅವ್ಳು ಬದಿನ್ ಮ್ಯಾಲೆ ಕುಂತ್ಕಂಡ್ಲು ಕಣ್ರೀ, ಎದ್ದಿದ್ರೆ ಕೇಳಿ. ಮುಟ್ಟಿ ಎಬ್ಬಿಸಬೇಕಲ್ಲ? ಮುಟ್ಟೋರ್ ಯಾರು? ನಿಮ್ ದೊಡ್ಡಪ್ಪಾರು ನಿಂತೂ ನಿಂತೂ ಸಾಕಾಗಿ ಮನೆಗೋದ್ರು. ನಮ್ ಗದ್ದೆಗೆ ನೀರ್ ಬಂತು.”

ನಾನು ಜೋರಾಗಿ ನಕ್ಕುಬಿಟ್ಟೆ. ಅಣ್ಣ ನಗಲಿಲ್ಲ. ಜಗಲಿಯಿಂದಿಳಿದು ನಮ್ಮ ಮನೆಗೆ ಬಂದೆವು. ಬಾಗಿಲಲ್ಲಿ ಚಪ್ಪಲಿ ಬಿಡುತ್ತಾ, ಅವತ್ತು ಅಪ್ಪ ಮನೆಗೆ ಬಂದು ಊಟ ಮಾಡಲಿಲ್ಲ, ಯಾಕೆ ಅಂತ ನಮಗೆ ಯಾರೂ ಹೇಳಲಿಲ್ಲ ಎಂದ. ಆಮೇಲೆ ಕಲ್ಲು ಕೆತ್ತುವವನಿಗೆ ತಾನೇ ಫೋನು ಮಾಡಿ, ಆ ನೀರುಗಂಟಿ ಅಪ್ಪ-ಮಗನ ಹೆಸರುಗಳ ನಡುವೆ ಜಾಗ ಬಿಡು ಎಂದು ಹೇಳಿದ. ಅವನ ಮೇಲೆ ಪ್ರೀತಿ ಬಂತು. ಹೇಳಿದರೆ ತಲೆಗೇರುತ್ತದೆಂದು ಸುಮ್ಮನಿದ್ದೆ.

ಈಗ ಅವಳ ಹೆಸರು ಕಲ್ಲಿನ ಮೇಲಿದೆ, ಗಂಡನ ಹೆಸರಿನಷ್ಟೇ ದಪ್ಪ ಅಕ್ಷರದಲ್ಲಿ. ಅದರ ಮುಂದೆ ಇಂಥವರ ಹೆಂಡತಿ ಎಂದು ಸೇರಿಸಲು ಸಮಿತಿಯಲ್ಲಿ ಒಬ್ಬರು ಹೊರಟಿದ್ದರು. ನೀರುಗಂಟಿ ಎಂದಷ್ಟೇ ಬರೆಸಿದೆ. ಆ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಬೇಕಾದವರು ನಮ್ಮ ಕೆರೆ ಏರಿಗೆ ಬಂದು ಓದಿಕೊಳ್ಳಲಿ.

ಹೊಸ ಗೇಟಿಗೆ ಪೂಜೆಯಿಟ್ಟ ದಿನ ಅಕ್ಕನನ್ನು ನಾನೇ ಕರೆದುಕೊಂಡು ಹೋದೆ. ಇಳಕಲ್ ಸೀರೆ ಉಟ್ಟಿದ್ದಳು, ಹಣೆ ಬರಿದಾಗಿತ್ತು. ಕಲ್ಲಿನ ಮುಂದೆ ತುಂಬಾ ಹೊತ್ತು ನಿಂತು, ಓದಲು ಬಾರದಿದ್ದರಿಂದ ಅವ್ವನ ಹೆಸರು ಯಾವುದೆಂದು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಪೂಜೆಯವರು ಗೇಟು ತೆಗೆಯುವ ಹೊತ್ತಾಯಿತು ಎಂದರು. ಜನರೆಲ್ಲ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಗೇಟು ತೆಗೆಯಬೇಕಾದವಳು ಅಕ್ಕ, ಅವಳೂ ಅವ್ವನ ಹಾಗೆ ಗಂಡನಿಲ್ಲದವಳು. ಆಗ ನಮ್ಮಣ್ಣ ಭಾರಿ ಉಪಾಯ ಕಂಡುಹಿಡಿದವನಂತೆ ತನ್ನ ಮೊಮ್ಮಗಳನ್ನು ತಂದು ಅವಳ ಸೊಂಟದ ಮೇಲೆ ಕೂರಿಸಿದ. ಹಿಂದಿನ ಪದ್ಧತಿಯನ್ನೂ ಉಳಿಸಿದ ಹಾಗಾಯಿತು, ಅವಳಿಗೆ ಮರ್ಯಾದೆ ಕೊಟ್ಟ ಹಾಗೂ ಆಯಿತು ಎಂದು ಅವನ ಲೆಕ್ಕ.

ನಾನು ಬಾಯಿ ತೆರೆಯುವಷ್ಟರಲ್ಲಿ ಅವಳೇ ಮಗುವಿನ ಕೆನ್ನೆ ಸವರಿ ಮೆಲ್ಲಗೆ ನೆಲಕ್ಕಿಳಿಸಿದಳು.

“ಆವಾಗ ಎತ್ಕಂಡು ನಿಂತಿದ್ದೇ ಸಾಕು ಕಣಪ್ಪ,” ಎಂದಳು ಅಣ್ಣನಿಗೆ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಎರಡೂ ಕೈಯಲ್ಲಿ ಚಕ್ರ ಹಿಡಿದು ತಿರುಗಿಸಿದಳು. ನೀರು ಕಾಲುವೆಗೆ ಬಿತ್ತು. ಅಣ್ಣ ಮೊಮ್ಮಗಳನ್ನು ಎತ್ತಿಕೊಂಡು, ಅವಳಿಗೆ ಜಾಗ ಬಿಟ್ಟು ಪಕ್ಕಕ್ಕೆ ನಿಂತ.