ರೀಲಿನ ಕೊಕ್ಕು

ಆಗೆಲ್ಲ ಗುಂಡ್ಲುಪೇಟೆಯಲ್ಲಿ ಆಯುಧಪೂಜೆ ಹತ್ತಿರ ಬಂತೆಂದರೆ ಮನೆಯೊಳಗಿನ ಕಬ್ಬಿಣವೆಲ್ಲ ಹಿತ್ತಲಿಗೆ ಬರುತ್ತಿತ್ತು. ಕುಡುಗೋಲು, ಈಳಿಗೆ ಮಣೆ, ಸೈಕಲ್ಲು, ಬಾವಿಯ ರಾಟೆ. ಸೀಮೆಎಣ್ಣೆಯೂ ಹುಣಸೆಹಣ್ಣೂ ಬೆರೆತ ಒಂದು ವಾಸನೆ ಇಡೀ ಬೀದಿಗೆ ಹರಡುತ್ತಿತ್ತು. ದಸರಾ ರಜೆಗೆಂದು ಹರದನಹಳ್ಳಿಯಿಂದ ಬಸ್ಸು ಹತ್ತಿ ಅಜ್ಜಿ ಮನೆಗೆ ಬರುತ್ತಿದ್ದ ನನಗೆ ಹಬ್ಬದ ವಾಸನೆ ಎಂದರೆ ಅದೇ. ಒಬ್ಬಟ್ಟಿನದು ಆಮೇಲೆ.

ನಮ್ಮಜ್ಜಿ ಕೆಂಪಮ್ಮ ಯಾರನ್ನೂ ಲೆಕ್ಕಕ್ಕೆ ಇಟ್ಟವಳಲ್ಲ. ಪೂಜಾರಿಯ ಮಂತ್ರ, ಸೊಸೆಯ ಸಾರು, ಸರ್ಕಾರದ ರಸ್ತೆ, ಎಲ್ಲಕ್ಕೂ ಮೂಗು ಮುರಿಯುತ್ತಿದ್ದಳು. ಅವಳು ಮರ್ಯಾದೆ ಕೊಡುತ್ತಿದ್ದದ್ದು ಒಂದೇ ವಸ್ತುವಿಗೆ, ಮೀನು ಹಿಡಿಯುವ ರೀಲಿಗೆ. ಹರೆಯದಲ್ಲಿ ಊಟಿ ಬೆಟ್ಟದ ಟೀ ತೋಟದ ಬಂಗಲೆಯಲ್ಲಿ ಕೆಲಸಕ್ಕಿದ್ದಾಗ ಅಲ್ಲಿಯ ದೊರೆಸಾನಿಯ ಜೊತೆ ಹೊಳೆಗೆ ಹೋಗಿ ಹೋಗಿ ಮೀನಿನ ಹುಚ್ಚು ಹತ್ತಿಸಿಕೊಂಡಿದ್ದಳು. ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ರೀಲನ್ನು ಇವಳ ಕೈಗಿಟ್ಟು ಹೋದಳಂತೆ. ಅಂಗೈಗಿಂತ ಚೂರು ದೊಡ್ಡದು, ಕಪ್ಪು ಬಣ್ಣದ ಬಟ್ಟಲು, ಅದರೊಳಗೆ ದಾರ ಸುತ್ತುವ ತೂತು ತೂತಿನ ಗಾಲಿ, ತಿರುಗಿಸಲು ದಂತದ ಹಿಡಿ. ನೊಣದಂಥ ಪುಕ್ಕದ ಗಾಳ ಕಟ್ಟಿ ಬೀಸುವವರ ರೀಲಂತೆ ಅದು. ಅಜ್ಜಿ ಅದನ್ನು ಬಿದಿರು ಕಡ್ಡಿಗೆ ಬಿಗಿದು, ಎರೆಹುಳ ಸಿಕ್ಕಿಸಿ, ಗುಂಡ್ಲುಪೇಟೆಯ ಕೆರೆ ದಂಡೆಯಲ್ಲಿ ಕೂರುತ್ತಿದ್ದಳು. ಕಂಡವರು ನಗುತ್ತಿದ್ದರು. ಅಜ್ಜಿ ಅವರತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಆ ರೀಲನ್ನು ಬಿಚ್ಚುವ ದಿನ ಮಾತ್ರ ಅಜ್ಜಿಯ ಕೈ ಬೇರೆಯದೇ ಆಗುತ್ತಿತ್ತು. ಮೊರದ ಮೇಲೆ ಬಿಳಿ ಪಂಚೆ ಹಾಸುತ್ತಿದ್ದಳು. ದಾರವನ್ನೆಲ್ಲ ಎಳೆದು ಸೀಗೆಕಾಯಿ ನೀರಲ್ಲಿ ಅದ್ದಿ ನೆರಳಿಗೆ ಹರವುತ್ತಿದ್ದಳು. ಗಾಲಿಯನ್ನು ಕಳಚಿ, ಬಿಚ್ಚಿದ ಕ್ರಮದಲ್ಲೇ ಒಂದೊಂದನ್ನೂ ಮೊರದ ಅಂಚಿನಲ್ಲಿ ಸಾಲಾಗಿ ಇಡುತ್ತಿದ್ದಳು. ಗಾಲಿಯ ಬೆನ್ನಿಗೆ ಹಲ್ಲಿನ ಚಕ್ರ. ಆ ಹಲ್ಲುಗಳಿಗೆ ತಾಗಿಕೊಂಡು ಮೂರು ಮೂಲೆಯ ಒಂದು ಪುಟ್ಟ ಹಿತ್ತಾಳೆ ತುಂಡು, ಹಿಂದೆ ಅದನ್ನು ಒತ್ತುವ ಸ್ಪ್ರಿಂಗು. ಆ ತುಂಡಿಗೆ ಅಜ್ಜಿ ಕೊಕ್ಕು ಎನ್ನುತ್ತಿದ್ದಳು. ಮೀನು ದಾರ ಎಳೆದರೆ ಕೊಕ್ಕು ಹಲ್ಲಿಗೆ ಬಡಿದು ಕಿರ್ರ್ ಎನ್ನಬೇಕು, ಗಾಲಿ ಬೇಕಾಬಿಟ್ಟಿ ಓಡದಂತೆಯೂ ಅದೇ ತಡೆಯಬೇಕು. ಹಳೇ ಬ್ರಷ್ಷಲ್ಲಿ ಉಜ್ಜಿ, ಕೋಳಿಪುಕ್ಕದ ತುದಿಯಿಂದ ಒಂದು ತೊಟ್ಟು ಮಿಷನ್ ಎಣ್ಣೆ ಮುಟ್ಟಿಸಿದರೆ ಮುಗಿಯಿತು.

ಆ ವರ್ಷ ಅಜ್ಜಿಯ ಕಣ್ಣಿಗೆ ಪೊರೆ ಬಂದಿತ್ತು. ದಾರ ಅಲುಗಿದ್ದು ಕಾಣುತ್ತಿರಲಿಲ್ಲ. ಕಿರ್ರ್ ಎಂದಾಗ ಎಳೆಯುವಳು, ಅಷ್ಟೆ. ಮಗ ಮಾದೇವ ಮಾವನಿಗೆ ಇದು ಅವಮಾನ. ಗುಂಡ್ಲುಪೇಟೆಯಿಂದ ಕೇರಳಕ್ಕೆ ಈರುಳ್ಳಿ ಲಾರಿ ಓಡಿಸುವವನ ಅವ್ವ ಕೆರೆ ದಂಡೆಯಲ್ಲಿ ಕೂರುವುದೆ? "ಕಣ್ಣು ಕಾಣಾಕಿಲ್ಲ, ಜಾರಿ ಬಿದ್ರೆ ಯಾರವ್ವ ಒಣೆ? ಒಂದ್ಸಲ ಬರಿಗೈಲಿ ಬಂದು ನೋಡು, ಆಮ್ಯಾಕೆ ಕೆರೆ ಕಡೀಕೆ ಕಾಲಿಡಂಗಿಲ್ಲ" ಎಂದು ಷರತ್ತು ಹಾಕಿದ್ದ. ಅಜ್ಜಿ, "ಆಗ್ಲಿ ಕಣ್ಲಾ, ನಿನ್ ಲಾರಿಗಿಂತ ನನ್ ಗಾಳ ನೆಟ್ಗಿದೆ" ಎಂದು ಒಪ್ಪಿದ್ದಳು.

ಮಾವನ ಬಗ್ಗೆ ಇಷ್ಟು ಹೇಳಿದರೆ ಸಾಕು: ಅವನ ಪಾಲಿಗೆ ಸದ್ದು ಮಾಡುವ ವಸ್ತುವೆಲ್ಲ ರೋಗಿ, ಗ್ರೀಸೇ ಔಷಧ. ಬಾಗಿಲ ತಿರುಗಣೆ, ತೊಟ್ಟಿಲ ಸರಪಳಿ, ಬಾವಿಯ ರಾಟೆ, ಒಂದನ್ನೂ ಬಿಡಲಿಲ್ಲ. ರಾಟೆಗೆ ಅವನು ಮೆತ್ತಿದ ಗ್ರೀಸು ಹಗ್ಗಕ್ಕಿಳಿದು, ನೀರು ಸೇದಿದ ನಮ್ಮತ್ತೆಯ ಸೆರಗಿಗೆ ಹತ್ತಿ, ಅಲ್ಲಿಂದ ಒಬ್ಬಟ್ಟಿನ ಹೂರಣಕ್ಕೂ ಬಂತು. ಆದರೂ ಅವನ ಮುಖದಲ್ಲಿ ಡಾಕ್ಟರನ ಗತ್ತು.

ಪೂಜೆಯ ಬೆಳಿಗ್ಗೆ ಅಜ್ಜಿ ಒಲೆ ಮುಂದಿದ್ದಾಗ ಅವನು ರೀಲು ಎತ್ತಿಕೊಂಡ. ಮೊರ ಹಿಡಿದವಳು ನಾನು.

"ಮಾವ, ಅಜ್ಜಿ ಬತ್ತಳೆ ತಡಿ."

"ಸುಮ್ಕಿರಮ್ಮಿ. ನಿಮ್ಮಜ್ಜಿ ಇಷ್ಟೊರ್ಸದಿಂದ ಇದ ಕಿರ್ರ್ ಅನ್ನಿಸ್ಕೊಂಡು ಕೂತವ್ಳೆ. ರೋಗ ಎಲ್ಲದೆ ಅಂತ ಗೊತ್ತಾಗ್ಬೇಕಲ್ಲ."

ಗಾಲಿ ಕಳಚಿದ. ಉಗುರಿನಿಂದ ಕೊಕ್ಕನ್ನು ಮೀಟಿ, "ಇದೇ ನೋಡು ಕಳ್ಳ" ಎಂದು ಕಿತ್ತು ಮೊರಕ್ಕೆ ಹಾಕಿದ. ಬಟ್ಟಲ ತುಂಬ ಲಾರಿಯ ಗ್ರೀಸು ಮೆತ್ತಿ ಗಾಲಿಯನ್ನು ಒಳಗೆ ಒತ್ತಿದ. ಅದೇ ಮೊರದಲ್ಲಿ ಕುಂಬಳಕಾಯಿಗೆ ತುಂಬಲು ಇಟ್ಟ ಚಿಲ್ಲರೆಯೂ ಇತ್ತು. ಲಾರಿ ಮುಂದೆ ಒಡೆಯುವ ಬೂದುಗುಂಬಳದ ಹೊಟ್ಟೆಗೆ ಕುಂಕುಮ, ನಾಣ್ಯ ತುಂಬುವಾಗ ಕೊಕ್ಕನ್ನೂ ಸೇರಿಸಿದ. "ಹಿತ್ತಾಳೆ ಕಣಮ್ಮಿ, ಇದೂ ದೃಷ್ಟಿ ತೆಗೀತದೆ."

ಕುಂಬಳಕಾಯಿ ಒಡೆಯಿತು. ಬೀದಿಯ ಮಕ್ಕಳೆಲ್ಲ ಕೆಂಪು ತಿರುಳಿನ ಮೇಲೆ ಬಿದ್ದು ನಾಣ್ಯ ಬಾಚಿಕೊಂಡರು. ಲಾರಿ ಅದೇ ತಿರುಳಿನ ಮೇಲೆ ಹಾದು ಒಂದು ಸುತ್ತು ಹೋಗಿ ಬಂತು.

ಸಂಜೆ ಅಜ್ಜಿ ಪೂಜೆಯ ಮಣೆಯಿಂದ ರೀಲು ಎತ್ತಿಕೊಂಡು, ಕಿವಿಯ ಹತ್ತಿರ ಹಿಡಿದು, ಹಿಡಿ ತಿರುಗಿಸಿದಳು. ಇನ್ನೊಮ್ಮೆ ತಿರುಗಿಸಿದಳು.

"ಇದ್ಯಾರ್ದ್ಲಾ ಹೆಣ?"

"ನಿಂದೇ ರೀಲು ಕಣವ್ವ. ನೋಡು, ಬೆಣ್ಣೆ ಅಂಗೆ ತಿರುಗ್ತದೆ" ಎಂದ ಮಾವ.

"ಕೊಕ್ಕೆಲ್ಲಿ?"

ಮಾವ ನನ್ನ ಮುಖ ನೋಡಿದ. ನಾನು ಹೇಳಿಬಿಟ್ಟೆ, "ಕುಂಬಳಕಾಯ್ಗೆ ಹಾಕ್ಬುಟ್ಟ."

ಅಜ್ಜಿ ಬೈಯಲಿಲ್ಲ. ರೀಲನ್ನು ಮಡಿಲಲ್ಲಿಟ್ಟುಕೊಂಡು ಗ್ರೀಸು ಹತ್ತಿದ ಬೆರಳುಗಳನ್ನು ಒಂದೊಂದಾಗಿ ಸೆರಗಿಗೆ ಒರೆಸಿದಳು. "ನಾಳಿದ್ದು ಭಾನುವಾರ ನಾ ಕೆರೇಲಿ ಯಾವುದ ಕೇಳ್ಕೊಂಡು ಕೂತ್ಕಳನ್ಲಾ?" ಎಂದಳು. ದನಿ ಸಣ್ಣದಾಗಿತ್ತು. ಅದರಿಂದ ನನಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆಯಾಯಿತು.

ಮಾವ ಪೊರಕೆ ಹಿಡಿದು ಬೀದಿಗಿಳಿದ. ತಿರುಳು ಕೆದಕಿದ, ಮಕ್ಕಳ ಜೇಬು ತಡಕಿದ, ಚರಂಡಿಗೆ ಕೈ ಹಾಕಿದ. ಎದುರು ಮನೆಯ ಜರೀನಾಬಿ ಗೋಣಿಚೀಲ ಹೊಲಿಯುತ್ತಾ ಜಗಲಿಯಲ್ಲೇ ಕೂತು ಕೇಳಿದಳು, "ಮಾದೇವಣ್ಣ, ಆ ಕಾಯಿ ಹೊಟ್ಟೆಗೆ ಇನ್ನೇನೇನು ತುಂಬ್ಸಿದ್ರಿ? ನಮ್ದು ಒಂದು ಕೋಳಿ ಬೆಳಿಗ್ಗೆಯಿಂದ ಕಾಣ್ತಿಲ್ಲ." ಬೀದಿ ನಕ್ಕಿತು. ಕೊಕ್ಕು ಸಿಗಲಿಲ್ಲ.

ಮರುದಿನ ಬೆಳಿಗ್ಗೆ ಅಜ್ಜಿಗೆ ದನಿ ವಾಪಸ್ಸು ಬಂದಿತ್ತು. "ಲೋ, ಈಯೋ ಎಮ್ಮೆ ಅಂಗೆ ಕೂಗ್ತದಲ್ಲ ನಿನ್ನ ಹಿತ್ತಾಳೆ ಹಾರನ್ನು, ಅದ್ರ ಬಾಯಂಚು ಕುಯ್ದು ಕೊಕ್ಕು ಮಾಡು."

ಆ ಹಾರನ್ನು ಮಾವನ ಪ್ರಾಣ. ಹೆಂಡತಿಯ ಹೆಸರು ಮರೆತಾನು, ಅದನ್ನು ಒರೆಸುವುದು ಮರೆಯ. ಬಾಯಿ ತೆರೆದ, ಅಜ್ಜಿಯ ಮುಖ ನೋಡಿದ, ಗರಗಸ ತಂದ.

ಮೊದಲು ಗ್ರೀಸನ್ನೆಲ್ಲ ಸೀಮೆಎಣ್ಣೆಯಲ್ಲಿ ತೊಳೆಸಿದಳು. ಮೊರ, ಪಂಚೆ, ಕೋಳಿಪುಕ್ಕ ಎಲ್ಲ ಮತ್ತೆ ಬಂತು. ಮಾವ ಅರ ಹಿಡಿದು ತುಂಡು ಉಜ್ಜುವುದು, ಅಜ್ಜಿ ಬೆರಳಲ್ಲಿ ಸವರಿ ನೋಡಿ ಬಿಸಾಡುವುದು.

"ಇದೇನ್ಲಾ, ಇಲಿ ಕಡ್ದ ರೊಟ್ಟಿ ಅಂಗದೆ."

ಮತ್ತೆ ಉಜ್ಜಿದ.

"ನಿಮ್ಮಪ್ಪನ ಮೂಗ್ನಂಗದೆ. ಅದೂ ಎಲ್ಲೂ ನೆಟ್ಗೆ ಕೂತ್ಕತಿರ್ನಿಲ್ಲ."

ಮತ್ತೆ ಉಜ್ಜಿದ. ನಾನು ನಗು ತಡೆಯಲಾರದೆ ಪಂಚೆಯಲ್ಲಿ ಮುಖ ಮುಚ್ಚಿಕೊಂಡಿದ್ದೆ. "ನೀ ಏನಮ್ಮಿ ನಗ್ತೀಯೆ, ನಾಳೆ ನಿಂಗೂ ಇಂತವ್ನೇ ಗಂಟ್ಬೀಳ್ತನೆ" ಎಂದು ಅಜ್ಜಿ ನನ್ನನ್ನೂ ಬಿಡಲಿಲ್ಲ. ಹೊತ್ತು ಇಳಿಯುವ ವೇಳೆಗೆ ಒಂದು ತುಂಡು ಸ್ಪ್ರಿಂಗಿನ ಮುಂದೆ ಕೂತು ಚಕ್ರದ ಹಲ್ಲನ್ನು ಕಚ್ಚಿತು. ಅಜ್ಜಿ ತಿರುಗಿಸಿದಳು. ಹಿಂದಿನ ಕಿರ್ರ್ ಅಲ್ಲ, ದಪ್ಪ ಗಂಟಲಿನ ಕರ್ರ್. "ಗೂರ್ಲು ಬಂದೋರಂಗೆ ಕೆಮ್ತದೆ" ಎಂದಳು. ಆದರೆ ಬಿಸಾಡಲಿಲ್ಲ.

ಭಾನುವಾರ ಮಾವ ಲಾರಿ ತೆಗೆಯಲಿಲ್ಲ. ಕರೆಯಲು ಬಂದವನಿಗೆ ಜ್ವರ ಎಂದು ಹೇಳಿಸಿ, ಅವ್ವನ ಹಿಂದೆ ಕೆರೆಗೆ ಬಂದ. ಷರತ್ತು ಹಾಕಿದವನು ಅವನು, ಈಗ ಅದು ನಿಂತಿದ್ದದ್ದು ಅವನದೇ ಕೈಕೆಲಸದ ಮೇಲೆ. ಅಜ್ಜಿ ಕಣ್ಣು ಮುಚ್ಚಿ ಕೂತಳು. ಬಿಸಿಲು ನೆತ್ತಿಗೆ ಬಂತು. ಗಾಳ ಸುಮ್ಮನಿತ್ತು. ಮಾವ ಕೂರಲಾರ, ನಿಲ್ಲಲಾರ.

"ಅವ್ವ, ಹುಳ ಬದ್ಲಾಯಿಸ್ಲಾ?"

"ಬಾಯ್ಗೂ ವಸಿ ಗ್ರೀಸ್ ಹಾಕ್ಕೊ."

ಆಗಲೇ ಕರ್ರ್ ಎಂದಿತು. ಒಂದು ಸಲ, ಮತ್ತೆ ಉದ್ದಕ್ಕೆ. ಅಜ್ಜಿಯ ಮಣಿಕಟ್ಟು ಮೇಲೆದ್ದಿತು. ಬಿದಿರು ಬಿಲ್ಲಾಯಿತು. ಮಾವ ಪಂಚೆ ಸಮೇತ ನೀರಿಗಿಳಿದು ಮೊಳದುದ್ದದ ಕೊರವ ಮೀನನ್ನು ಎದೆಗವಚಿಕೊಂಡು ಬಂದ. ಮಗು ಹುಟ್ಟಿದವರ ಮುಖ.

"ನೋಡ್ದಾ ಅವ್ವ, ನಾ ಮಾಡಿದ ಕೊಕ್ಕು."

ಅಜ್ಜಿ ದಾರ ಸುತ್ತುತ್ತಾ ಹೇಳಿದಳು, "ಮೀನೂ ಕಿವುಡಿರ್ಬೇಕು ಕಣ್ಲಾ, ಅದ್ಕೇ ಸಿಕ್ತು."

ಆ ರಾತ್ರಿಯ ಮುದ್ದೆ, ಮೀನುಸಾರು ಉಂಡವರು ಯಾರೂ ಷರತ್ತಿನ ಮಾತೆತ್ತಲಿಲ್ಲ. ಮುಂದೆಂದೂ ಎತ್ತಲಿಲ್ಲ.

ಅಜ್ಜಿ ಹೋಗಿ ಬಹಳ ಕಾಲವಾಯಿತು. ರೀಲು ಈಗ ಚಾಮರಾಜನಗರದ ನನ್ನ ಮನೆಯಲ್ಲಿದೆ, ಹಾರನ್ನಿನ ಕೊಕ್ಕು ಸಮೇತ. ಪ್ರತಿ ಆಯುಧಪೂಜೆಗೆ ಮೊರ ಹಾಕಿಕೊಂಡು ಬಿಚ್ಚುತ್ತೇನೆ. ಹೋದ ಸಲ ನನ್ನ ಮಗಳು ಅದನ್ನು ಫೋನಿನಲ್ಲಿ ಹಿಡಿದು ನಂಟರಿಗೆಲ್ಲ ಕಳಿಸಿದಳು. ಸೂಪರ್ ಅಂದರು, ಚಿನ್ನದಂಥ ಕೈ ಅಂದರು, ಹೆಬ್ಬೆರಳು ಎತ್ತಿದರು. ಇವರು ಒಂದು ರೀಲನ್ನಾದರೂ ಬಿಚ್ಚಿ ಕಂಡವರಲ್ಲ. ನಾನು ಸ್ಪ್ರಿಂಗನ್ನು ತಿರುವುಮುರುವು ಕೂರಿಸಿದ್ದೆ, ಆ ಹೆಬ್ಬೆರಳುಗಳಲ್ಲಿ ಒಂದಕ್ಕೂ ಕಾಣಲಿಲ್ಲ. ಈಗಿನ ಹೊಗಳಿಕೆ ಮಾವನ ಗ್ರೀಸಿನ ಹಾಗೆ, ಎಲ್ಲದಕ್ಕೂ ಒಂದೇ ಡಬ್ಬಿ.

ಹಬ್ಬಕ್ಕೆ ಬಂದಿದ್ದ ಮಾವ ರೀಲು ಇಸಕೊಂಡ. ಕೂದಲೆಲ್ಲ ನೆರೆತಿದೆ, ಲಾರಿ ಬಿಟ್ಟು ಎಷ್ಟೋ ವರ್ಷ. ಕಿವಿಗೆ ಹಿಡಿದು ತಿರುಗಿಸಿ, "ಚೆನ್ನಾಗಿ ಮಾಡಿದ್ದೀಯ ಕಣಮ್ಮಿ" ಎಂದ.

ಅವನೂ. ಅದೇ ಡಬ್ಬಿ ತೆಗೆದಿದ್ದ. ರೀಲನ್ನು ಮೊರದ ಮೇಲಿಟ್ಟ. ನಾವಿಬ್ಬರೂ ಒಂದು ಗಳಿಗೆ ಅಡುಗೆಮನೆಯ ಬಾಗಿಲ ಕಡೆ ನೋಡುತ್ತಾ ಕೂತೆವು, ಅಲ್ಲಿಂದ ಇನ್ನೇನು ಅಜ್ಜಿಯದೊಂದು ಮಾತು ಬರಬೇಕು ಎನ್ನುವಂತೆ.