ರುದ್ರೇಶನ ಲಗ್ನದ ಪರದೆ

ನನ್ನ ಕೊರಳಿಗೆ ತಾಳಿ ಬಿದ್ದದ್ದು ಲಗ್ನದ ಮುಹೂರ್ತ ಮುಗಿದು ಏಳು ನಿಮಿಷವಾದ ಮೇಲೆ. ವಾಲಗದವರು ಊಟಕ್ಕೆ ಕೂತಿದ್ದರು. ಅವರನ್ನು ಎಬ್ಬಿಸಿ ತರುವಷ್ಟರಲ್ಲಿ ಹೊತ್ತು ಮೀರಿತ್ತು. ತಪ್ಪು ತನ್ನದೆಂದು ಒಬ್ಬರೂ ಒಪ್ಪಲಿಲ್ಲ. ಆಮೇಲೆ ಮನೆಯಲ್ಲಿ ಹಾಲು ಒಡೆದರೂ ಸರಿ, ಯಜಮಾನರಿಗೆ ಬಡ್ತಿ ತಪ್ಪಿದರೂ ಸರಿ, ಅತ್ತೆ ನನ್ನ ತಾಳಿಯ ಕಡೆಗೊಮ್ಮೆ ನೋಡುತ್ತಿದ್ದರು. ಮೂವತ್ತು ವರ್ಷ ನೋಡಿದರು. ಮಗಳು ಯಶಶ್ರೀಯ ಮದುವೆ ಗೊತ್ತಾದಾಗ ನನ್ನದು ಒಂದೇ ಹಟ, ತಾಳಿ ಲಗ್ನದೊಳಗೇ ಬೀಳಬೇಕು. ಗಂಡಿನ ಅಜ್ಜಿ ಲಕ್ಷ್ಮೀದೇವಮ್ಮನವರಂತೂ ಪಂಚಾಂಗ ನೋಡದೆ ಹೊಸಿಲು ದಾಟುವವರಲ್ಲ.

ಚಾಮರಾಜಪೇಟೆಯ ಆ ಕಲ್ಯಾಣ ಮಂಟಪವನ್ನು ನಾನು ಒಪ್ಪಿದ್ದು ರುದ್ರೇಶನಿಂದಾಗಿ. ಅವನು ಅಲ್ಲಿ ಮೈಕು, ದೀಪ ನೋಡಿಕೊಳ್ಳುವವನು. ನಲವತ್ತು ದಾಟಿದವನು, ಆಫೀಸಿನ ಹಳೇ ಕಂಪ್ಯೂಟರಿನ ಮುಂದೆ ಕೂತು ತಾನೇ ಕಲಿತು ಒಂದು ಪ್ರೋಗ್ರಾಂ ಬರೆದಿದ್ದ. ಲಗ್ನ ಮುಗಿಯಲು ಇನ್ನೆಷ್ಟು ನಿಮಿಷ, ಎಷ್ಟು ಸೆಕೆಂಡು ಎಂದು ಅದರ ವಿಂಡೋದಲ್ಲಿ ದೊಡ್ಡದಾಗಿ ಬರುತ್ತಿತ್ತು. ವೇದಿಕೆಯ ಪಕ್ಕದ ಟೀವಿಯಲ್ಲಿ, ಊಟದ ಹಾಲಿನ ಟೀವಿಯಲ್ಲಿ ಎಲ್ಲರಿಗೂ ಅದೇ ಕಾಣುತ್ತಿತ್ತು. ವಾಲಗದವರು ಎಲ್ಲಿ ಕೂತರೂ ತಪ್ಪಿಸಿಕೊಳ್ಳುವಂತಿರಲಿಲ್ಲ.

"ಮೊದ್ಲು 'ಒಂದು ಸೆಕೆಂಡ್ ಕಾಯಿ, ನಂಬರ್ ಬದಲಾಯ್ಸು, ಮತ್ತೆ ಕಾಯಿ' ಅಂತ ಬರ್ದಿದ್ದೆ ಅಮ್ಮ," ಎಂದಿದ್ದ. "ಕಾಯೋದ್ರಲ್ಲೇ ಮುಳುಗಿ ವಿಂಡೋ ಹಂಗೇ ನಿಂತೋಯ್ತು. ಕ್ಲೋಸ್ ಮಾಡಿದ್ರೂ ಕೇಳ್ಲಿಲ್ಲ. ಆಮೇಲೆ ಟೈಮರ್ ಇಟ್ಟೆ. ಸೆಕೆಂಡಿಗೊಂದ್ಸಲ ಅದು ಕರಿಯುತ್ತೆ, ಪ್ರೋಗ್ರಾಂ ಒಂದು ಕಳ್ದು ಹೊಸ ನಂಬರ್ ಬರೀತದೆ. ಮಿಕ್ಕ ಹೊತ್ತು ತನ್ನ ಪಾಡಿಗೆ ಇರುತ್ತೆ."

ನನಗೆ ಅರ್ಧ ಅರ್ಥವಾಯಿತು, ಪೂರ್ತಿ ನಂಬಿದೆ.

ಮದುವೆಯ ದಿನ ಲಗ್ನ ಮುಗಿಯುವುದು ಹನ್ನೊಂದು ಹತ್ತಕ್ಕೆ. ಹತ್ತು ಗಂಟೆಯ ಹೊತ್ತಿಗೆ ಫೋಟೋದವರು ಹೇಳದೆ ಕೇಳದೆ ಹುಡುಗ ಹುಡುಗಿಯ ಬಾಲ್ಯದ ಫೋಟೋಗಳನ್ನೆಲ್ಲ ಅದೇ ಕಂಪ್ಯೂಟರಿಗೆ ತುಂಬಿದ್ದರಂತೆ. ಆ ಭಾರಕ್ಕೆ ಕಂಪ್ಯೂಟರು ಏದುಸಿರು ಬಿಟ್ಟಿತು. ಸೆಕೆಂಡಿಗೊಮ್ಮೆ ಕರೆಯಬೇಕಾದ ಟೈಮರು ಆಗಾಗ ತಡವಾಗಿ ಕರೆಯತೊಡಗಿತು. ಪರದೆ ಮಾತ್ರ ಪ್ರತಿ ಕರೆಗೂ ಒಂದೇ ಸೆಕೆಂಡು ಕಳೆಯುತ್ತಾ ನಿಜವಾದ ಹೊತ್ತಿಗಿಂತ ಹಿಂದೆ ಬಿತ್ತು. ಇದೆಲ್ಲ ನನಗೆ ತಿಳಿದದ್ದು ಆಮೇಲೆ. ಎಲ್ಲರ ಕೈಯಲ್ಲೂ ಫೋನಿತ್ತು, ನಿಜ. ಫೋಟೋ ತೆಗೆಯುವುದರಲ್ಲಿ ಮುಳುಗಿದವರು ಗಂಟೆ ನೋಡುತ್ತಾರೆಯೇ?

"ಇನ್ನೂ ಹನ್ನೊಂದು ನಿಮಿಷ ಇದೆ, ನಿಧಾನಕ್ಕೆ ಮಾಡೋಣ," ಎಂದು ಪುರೋಹಿತರು ಟೀವಿ ನೋಡಿ ಹೇಳಿದರು. ಅವರ ಮುಂದೆ ಮೈಕು ಸರಿಪಡಿಸುತ್ತಿದ್ದ ರುದ್ರೇಶ ತನ್ನ ಕೈಗಡಿಯಾರ ನೋಡಿಕೊಂಡ. ಅದೇ ಮೈಕು ಎತ್ತಿಕೊಂಡ.

"ಎಲ್ರೂ ಕ್ಷಮಿಸ್ಬೇಕು. ಪರದೇಲಿ ಬರ್ತಿರೋದು ತಪ್ಪು. ಅದನ್ನ ಮಾಡಿದೋನು ನಾನು, ತಪ್ಪು ನಂದೇ. ಲಗ್ನ ಮುಗಿಯೋಕೆ ಇರೋದು ನಾಲ್ಕೇ ನಿಮಿಷ. ಸ್ವಾಮಿ, ಬೇಗ ಮಾಡಿ."

ಎಂಟುನೂರು ಜನರ ಮುಂದೆ ಹೇಳಿದ. ಅಕ್ಷತೆಯ ತಟ್ಟೆ ಅತ್ತಿಂದಿತ್ತ ಓಡಿತು, ಗಟ್ಟಿಮೇಳ ಮೊಳಗಿತು. ಯಶಶ್ರೀಯ ಕೊರಳಿಗೆ ಮೂರನೇ ಗಂಟು ಬಿದ್ದಾಗ ಇನ್ನೂ ಅರ್ಧ ನಿಮಿಷ ಉಳಿದಿತ್ತು.

ಮಂಟಪದ ಮ್ಯಾನೇಜರ್ ಪ್ರಭುದೇವ ಅವನನ್ನು ಆಫೀಸಿಗೆ ಕರೆದು ಚೆನ್ನಾಗಿ ಬೈದ. ರುದ್ರೇಶ ಅಲ್ಲೇ ಕೂತು ಪ್ರೋಗ್ರಾಂ ತಿದ್ದಿದ. "ಕರೆದಾಗೆಲ್ಲ ಒಂದು ಕಳಿಯೋದಲ್ಲ ಅಮ್ಮ," ಎಂದ ನನಗೆ, ತಲೆ ಎತ್ತದೆ. "ಕರೆದಾಗೆಲ್ಲ ಗಡಿಯಾರ ನೋಡಿ ಎಷ್ಟು ಉಳಿದಿದೆ ಅಂತ ಬರೀಬೇಕು. ಆಗ ಕರೆ ತಡವಾದ್ರೂ ಹೊತ್ತು ತಪ್ಪಲ್ಲ."

ಅಷ್ಟರಲ್ಲಿ ಲಕ್ಷ್ಮೀದೇವಮ್ಮನವರು ಬಾಗಿಲಿಗೆ ಬಂದರು. ಇನ್ನೊಂದು ಸುತ್ತು ಬೈಗುಳ ಎಂದುಕೊಂಡೆ. ಅವರು ತಾಂಬೂಲವನ್ನು ರುದ್ರೇಶನ ಕೈಗಿಟ್ಟರು.

"ಸುಮ್ನಿದ್ದಿದ್ರೆ ಇವತ್ತು ಯಾರ್ಗೂ ಗೊತ್ತಾಗ್ತಿರ್ಲಿಲ್ಲ," ಎಂದರು. "ನಾಳೆ ವಿಡಿಯೋದಲ್ಲಿ ಟೈಮ್ ನೋಡಿ, ನಾನೇ ಆ ಹುಡುಗೀನ ಆಡ್ಕೊಳ್ತಿದ್ದೆ. ನನ್ನ ಬಾಯಿ ನಂಗೊತ್ತು."

ನನ್ನ ಮದುವೆಯ ದಿನವೂ ಯಾರಾದರೊಬ್ಬರು 'ತಪ್ಪು ನಂದು' ಎಂದಿದ್ದರೆ ಅತ್ತೆಯ ಆ ನೋಟ ತಪ್ಪುತ್ತಿತ್ತು ಎಂಬುದು ಆ ಕ್ಷಣದವರೆಗೆ ನನಗೆ ಹೊಳೆದೇ ಇರಲಿಲ್ಲ. ಅಳು ಬಂತು. ರುದ್ರೇಶ ಗಾಬರಿಯಾಗಿ ಮತ್ತೊಮ್ಮೆ ಕ್ಷಮೆ ಕೇಳಿದ.