ಬಾಸಿನ ಬುಡಕ್ಕೆ ಕಚ್ಚಿದ ಚಕ್ರ

ಇದನ್ನು ಹೇಳದೆ ಐವತ್ತು ವರ್ಷ ಮುಂದೂಡಿದೆ. ಕುರುಬರಹಳ್ಳಿಯ ಆ ಸೈಕಲ್ ರಿಪೇರಿಯವರು, "ಕಚ್ಕೊಂಡ ಕಬ್ಬಿಣ ಹೊಡೆದ್ರೆ ಮುನಿಸ್ಕೊಳ್ಳುತ್ತೆ ಸಾರ್" ಎನ್ನುತ್ತಿದ್ದರು.

ನಮ್ಮ ಮದುವೆ ಆರ್ಕೆಸ್ಟ್ರಾದ ಡಬಲ್ ಬಾಸ್ ಆಳೆತ್ತರದ ಪಿಟೀಲು. ಉರುಳಿಸಲೆಂದು ಅದರ ಬುಡಕ್ಕೆ ಸಿಕ್ಕಿಸುವ ಚಕ್ರದ ಸರಳು ಒಳಗೇ ಕಚ್ಚಿಕೊಂಡಿತ್ತು. ನಾನು ಸುತ್ತಿಗೆಯಿಂದ ಬಡಿದು ಮರ ಸೀಳಿ, ಆಮೇಲೆ ಆ ರಿಪೇರಿಯವರಲ್ಲಿಗೆ ಒಯ್ದೆ.

ಅವರು ಕೊಬ್ಬರಿ ಎಣ್ಣೆ ಬಿಟ್ಟರು. "ನಾಚ್ಕೋಬೇಡಿ ಸಾರ್, ಬಾಸನ್ನ ಹೊಸ ಹೆಂಡ್ತಿ ಥರ ತಬ್ಕೊಳ್ಳಿ!" ಎಂದು ಸರಳನ್ನು ತಿರುಚಿ ಎಳೆದರು. ಪಟಕ್ಕನೆ ಬಂತು! ಚಕ್ರದ ಸಮೇತ ಅವರು ಪಂಕ್ಚರ್ ನೋಡುವ ನೀರಿನ ಬಾಂಡ್ಲಿಗೆ ಬಿದ್ದರು, ಬಾಸ್ ತಬ್ಬಿಕೊಂಡೇ ನಾನು ಟೈರುಗಳ ಮೇಲೆ. ಹೊಟ್ಟೆ ಹಿಡಿದುಕೊಂಡು ನಕ್ಕೆವು.

ಆಗಲೇ ಬಂದ ಆರ್ಕೆಸ್ಟ್ರಾ ಯಜಮಾನರು ಸೀಳು ನೋಡಿ, "ಯಾವನ್ರೀ ಸುತ್ತಿಗೇಲಿ ಹೊಡೆದಿದ್ದು?" ಎಂದು ಗುಡುಗಿದರು. ಕೆಲಸ ಹೋದೀತೆಂದು ಹೆದರಿ ರಿಪೇರಿಯವರತ್ತ ಬೆರಳು ತೋರಿಸಿದೆ.

ಅವರು ನನ್ನನ್ನೊಮ್ಮೆ ನೋಡಿ, ಒದ್ದೆ ಅಂಗಿ ಹಿಂಡುತ್ತ, "ಹೂಂ ಸಾರ್, ನಾನೇ" ಎಂದರು.

ನಾನು ಕ್ಷಮೆ ಕೇಳದೆ ಉಳಿದದ್ದು ಅವರಲ್ಲಿ, ಅಂಗಡಿಯಲ್ಲಿ ಸುತ್ತಿಗೆಯನ್ನೇ ಇಟ್ಟುಕೊಳ್ಳದ ಆ ರಿಪೇರಿಯವರಲ್ಲಿ.